ಒಂದು ಕ್ಷೇತ್ರಕ್ಕೆ ಒಬ್ಬರೇ ಎಡ ಅಭ್ಯರ್ಥಿ ಇರಲಿ: ಜೆರೆಮಿ ಕಾರ್ಬಿನ್ ಮತ್ತು ಝಾರಾ ಸುಲ್ತಾನಾ ಅವರಿಗೆ ಬಹಿರಂಗ ಪತ್ರ

ಕೊವೆಂಟ್ರಿ
ಡಿಸೆಂಬರ್ 2025

ಮಾನ್ಯ ಜೆರೆಮಿ ಕಾರ್ಬಿನ್ ಅವರೇ, ಮಾನ್ಯ ಝಾರಾ ಸುಲ್ತಾನಾ ಅವರೇ,

ನಮಸ್ಕಾರ.

ನಾನು ಕೊವೆಂಟ್ರಿ ಸೌತ್ ಕ್ಷೇತ್ರದ ಮತದಾರ. ಸುಲ್ತಾನಾ ಅವರೇ, ನೀವು ನನ್ನ ಎಂಪಿ. ನನ್ನ ಊರು ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ. 2022ರಲ್ಲಿ ಹೆಲ್ತ್ ಅಂಡ್ ಕೇರ್ ವೀಸಾದ ಮೇಲೆ ಬಂದವನು, ವಯಸ್ಸಾದವರ ಕೇರ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ದೇಶದಲ್ಲಿ ನನಗಿನ್ನೂ ಕಾಯಂ ನೆಲೆ ಸಿಕ್ಕಿಲ್ಲ. ಆದರೆ ವೋಟು ಇದೆ. ಭಾರತದ ಪ್ರಜೆಗಳು ಕಾಮನ್‌ವೆಲ್ತ್ ಪ್ರಜೆಗಳೂ ಹೌದು. ಹಾಗಾಗಿ ವೀಸಾ ಮೇಲೆ ಇಲ್ಲಿ ವಾಸವಿರುವ ನಮ್ಮಂಥವರು ಕೌನ್ಸಿಲ್ ಚುನಾವಣೆಯಿಂದ ಹಿಡಿದು ಪಾರ್ಲಿಮೆಂಟ್ ಚುನಾವಣೆಯವರೆಗೆ ಎಲ್ಲದಕ್ಕೂ ಮತ ಹಾಕಬಹುದು. ಈ ವಿಷಯ ಇಲ್ಲಿರುವ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಗೊತ್ತಿದ್ದವರಲ್ಲೂ ಹಲವರು ಹೆಸರು ಸೇರಿಸಿಲ್ಲ. ಅವರೂ ಓದಲಿ ಅಂತಲೇ ಇದನ್ನು ಕನ್ನಡದಲ್ಲಿ ಬರೆದು ಎಲ್ಲರ ಮುಂದೆ ಇಡುತ್ತಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ನಿಮ್ಮಿಬ್ಬರ ಕಚೇರಿಗೂ ಕಳುಹಿಸುತ್ತೇನೆ.

ಹಿಂದೆ ಲೇಬರ್ ಪಕ್ಷದಲ್ಲಿದ್ದ ನೀವಿಬ್ಬರೂ ಸೇರಿ ಯುವರ್ ಪಾರ್ಟಿ ಎಂಬ ಒಂದು ಹೊಸ ಎಡಪಕ್ಷ ಕಟ್ಟಲು ಹೊರಟಿದ್ದೀರಿ. ಅದು ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆ ಪಕ್ಷ ಗೆಲ್ಲಲಿ ಎಂಬ ಆಸೆಯಿಂದಲೇ ನನ್ನ ದೂರನ್ನೂ ಬೇಡಿಕೆಯನ್ನೂ ಹೇಳುತ್ತೇನೆ.

ಮೊದಲು ಹೊಸ ಪಕ್ಷದ ಅಗತ್ಯ ನಮ್ಮಂಥವರಿಗೆ ಹೇಗೆ ಕಾಣುತ್ತದೆ ಅಂತ ಹೇಳಿಬಿಡುತ್ತೇನೆ. 2024ರ ಜುಲೈ 4ರಂದು ಲೇಬರ್ ಗೆದ್ದಾಗ ನನ್ನ ಜೊತೆ ಕೆಲಸ ಮಾಡುವವರೆಲ್ಲ ಖುಷಿಪಟ್ಟಿದ್ದರು. 14 ವರ್ಷಗಳ ಕನ್ಸರ್ವೇಟಿವ್ ಆಡಳಿತ ಮುಗಿದಿತ್ತು. ತಿಂಗಳು ತುಂಬುವ ಮೊದಲೇ ಬಹುಪಾಲು ಪಿಂಚಣಿದಾರರ ಚಳಿಗಾಲದ ಇಂಧನ ಭತ್ಯೆಗೆ ಕತ್ತರಿ ಬಿತ್ತು. ಎರಡು ಮಕ್ಕಳಿಗೆ ಮಾತ್ರ ಸಹಾಯಧನ ಎಂಬ ಮಿತಿಯನ್ನು ತೆಗೆಯಿರಿ ಎಂದು ಮತ ಹಾಕಿದ ಏಳು ಲೇಬರ್ ಎಂಪಿಗಳನ್ನು ಪಾರ್ಲಿಮೆಂಟರಿ ಪಕ್ಷದಿಂದ ಅಮಾನತು ಮಾಡಿದರು. ಸುಲ್ತಾನಾ ಅವರೇ, ಆ ಏಳರಲ್ಲಿ ನೀವೂ ಇದ್ದಿರಿ. ಈಗ ಅದೇ ಸರ್ಕಾರ ನವೆಂಬರ್ ಬಜೆಟ್‌ನಲ್ಲಿ ಆ ಮಿತಿಯನ್ನು 2026ರ ಏಪ್ರಿಲ್‌ನಿಂದ ತೆಗೆಯುವುದಾಗಿ ಹೇಳಿದೆ. ಒಳ್ಳೆಯದೇ ಆಯಿತು. ಎಡಗಡೆಯಿಂದ ಒತ್ತಡ ಬಿದ್ದರೆ ಈ ಸರ್ಕಾರವೂ ಕದಲುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ವಲಸೆಯ ವಿಷಯದಲ್ಲಿ ಮಾತ್ರ ಒತ್ತಡವೆಲ್ಲ ಬಲಗಡೆಯಿಂದಲೇ ಬೀಳುತ್ತಿದೆ. 2025ರ ಮೇ ತಿಂಗಳಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಅವರು ಈ ದೇಶ ಅಪರಿಚಿತರ ದ್ವೀಪವಾಗುವ ಅಪಾಯವಿದೆ ಎಂದರು. ಜುಲೈನಲ್ಲಿ ಹೊರದೇಶದಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವ ದಾರಿ ಮುಚ್ಚಿದರು. ನವೆಂಬರ್‌ನಲ್ಲಿ ಬಂದ ಪ್ರಸ್ತಾಪದ ಪ್ರಕಾರ, 5 ವರ್ಷಕ್ಕೆ ಸಿಗಬೇಕಿದ್ದ ಕಾಯಂ ನೆಲೆಗೆ ಬೇರೆಯವರು 10 ವರ್ಷ ಕಾಯಬೇಕು. ನಮ್ಮಂಥ ಕೇರ್ ವರ್ಕರ್‌ಗಳು 15 ವರ್ಷ ಕಾಯಬೇಕು. ಈಗಾಗಲೇ ಬಂದು ದುಡಿಯುತ್ತಿರುವವರಿಗೂ ಇದು ಅನ್ವಯಿಸುತ್ತದಂತೆ. ಅದರ ಅರ್ಥ ಏನೆಂದು ನಮ್ಮ ಕೆಲಸದ ಜಾಗಕ್ಕೆ ಬಂದರೆ ತಿಳಿಯುತ್ತದೆ. ನಮ್ಮ ವೀಸಾ ಒಬ್ಬ ಮಾಲೀಕನಿಗೆ ಕಟ್ಟಿಹಾಕಿದ ವೀಸಾ. ಅವನು ಸ್ಪಾನ್ಸರ್‌ಶಿಪ್ ನಿಲ್ಲಿಸಿದರೆ, ಹೊಸ ಸ್ಪಾನ್ಸರ್ ಹುಡುಕಲು ಸಿಗುವುದು ಸಾಮಾನ್ಯವಾಗಿ 60 ದಿನ. ಸಂಬಳ ಕಡಿಮೆ ಕೊಟ್ಟರೂ, ರಾತ್ರಿ ಪಾಳಿ ಮುಗಿಸಿದವರನ್ನು ಬೆಳಿಗ್ಗೆ ಮತ್ತೆ ನಿಲ್ಲಿಸಿಕೊಂಡರೂ ಜನ ಬಾಯಿ ಬಿಡುವುದಿಲ್ಲ. ಯೂನಿಯನ್ ಸೇರುವ ಫಾರಂ ಕೊಟ್ಟರೆ ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ, ವಾಪಸ್ ತರುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ಭಯ 5 ವರ್ಷದ್ದಾಗಿತ್ತು, ಈಗ 15 ವರ್ಷದ್ದಾಗುತ್ತದೆ. ಇನ್ನು ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ, ಕಾಯಂ ನೆಲೆ ಎನ್ನುವುದನ್ನೇ ರದ್ದು ಮಾಡುತ್ತೇವೆ, ಈಗಾಗಲೇ ಪಡೆದವರೂ ಮತ್ತೆ ವೀಸಾಕ್ಕೆ ಅರ್ಜಿ ಹಾಕಬೇಕು ಎನ್ನುತ್ತಿದೆ. ಅಭಿಪ್ರಾಯ ಸಮೀಕ್ಷೆಗಳಲ್ಲಿ ತಿಂಗಳುಗಳಿಂದ ಮುಂದಿರುವುದು ಅದೇ ಪಕ್ಷ.

ಹೀಗಿರುವಾಗ ಜುಲೈ 3ರಂದು ಸುಲ್ತಾನಾ ಅವರು ಲೇಬರ್ ಬಿಟ್ಟರು. ಜುಲೈ 24ರಂದು ನೀವಿಬ್ಬರೂ ಹೊಸ ಪಕ್ಷಕ್ಕೆ ಜನರನ್ನು ಕರೆದಿರಿ. ಕೆಲವೇ ವಾರಗಳಲ್ಲಿ 8 ಲಕ್ಷ ಜನ ಹೆಸರು ಬರೆಸಿದರು ಎಂದು ನೀವೇ ಹೇಳಿದಿರಿ. ಅಷ್ಟು ಜನ ಏನು ನಂಬಿ ಬಂದರು ಎಂಬುದನ್ನು ದಯವಿಟ್ಟು ಮರೆಯಬೇಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ದೇಶದ ಚುನಾವಣೆಯ ನಿಯಮ ಹೊಸ ಪಕ್ಷಗಳನ್ನು ಸುಲಭವಾಗಿ ಬದುಕಲು ಬಿಡುವುದಿಲ್ಲ. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಜಾಸ್ತಿ ಬಿದ್ದವರು ಗೆದ್ದರು, ಮಿಕ್ಕವರ ಮತವೆಲ್ಲ ನೀರುಪಾಲು. 1951ರಲ್ಲಿ ನೂರಕ್ಕೆ 97 ಮತಗಳು ಲೇಬರ್ ಮತ್ತು ಕನ್ಸರ್ವೇಟಿವ್ ಪಕ್ಷಗಳಿಗೇ ಬಿದ್ದಿದ್ದವು. 2024ರಲ್ಲಿ ಎರಡೂ ಸೇರಿ ನೂರಕ್ಕೆ 57. ಎರಡು ಪಕ್ಷಗಳ ಮೇಲಿನ ನಂಬಿಕೆ ಇಷ್ಟು ಕುಸಿದಿದ್ದರೂ ನಿಯಮ ಮಾತ್ರ ಕದಲಿಲ್ಲ. ಅದೇ 2024ರಲ್ಲಿ ಲೇಬರ್‌ಗೆ ಬಿದ್ದದ್ದು 97 ಲಕ್ಷ ಮತ, ಸಿಕ್ಕಿದ್ದು 411 ಸೀಟು. ಕಾರ್ಬಿನ್ ಅವರೇ, ನಿಮ್ಮ ನಾಯಕತ್ವದಲ್ಲಿ 2019ರಲ್ಲಿ ಲೇಬರ್ ಹೀನಾಯವಾಗಿ ಸೋತಿತು ಎನ್ನುತ್ತಾರಲ್ಲ, ಆಗ ಬಿದ್ದದ್ದು ಒಂದು ಕೋಟಿ 2 ಲಕ್ಷಕ್ಕೂ ಜಾಸ್ತಿ ಮತ. ಸೀಟು ಮಾತ್ರ 202. ಮತ ಕಡಿಮೆಯಾದಾಗ ಸೀಟು ಎರಡರಷ್ಟಾಯಿತು. ಎದುರಾಳಿಗಳ ಮತ ಹೇಗೆ ಒಡೆಯುತ್ತದೆ ಅನ್ನುವುದರ ಮೇಲೆ ಇಲ್ಲಿ ಸರ್ಕಾರಗಳು ಬರುತ್ತವೆ, ಹೋಗುತ್ತವೆ.

ಹೊಸ ಪಕ್ಷಗಳು ಈ ನಿಯಮಕ್ಕೆ ಹೇಗೆ ಬಲಿಯಾಗುತ್ತವೆ ಎಂಬುದಕ್ಕೆ 1983ರ ಲೆಕ್ಕ ಒಂದೇ ಸಾಕು. ಲೇಬರ್‌ನಿಂದ ಒಡೆದು ಬಂದ ಎಸ್‌ಡಿಪಿ (ಸೋಷಿಯಲ್ ಡೆಮಾಕ್ರಟಿಕ್ ಪಾರ್ಟಿ) ಲಿಬರಲ್ ಪಕ್ಷದ ಜೊತೆ ಸೇರಿ ನೂರಕ್ಕೆ 25.4 ಮತ ಪಡೆಯಿತು. ಲೇಬರ್‌ಗೆ ಬಂದದ್ದು 27.6. ಎರಡರ ನಡುವೆ ಎರಡೇ ಎರಡು ಶೇಕಡಾ ವ್ಯತ್ಯಾಸ. ಸೀಟುಗಳಲ್ಲಿ ನೋಡಿದರೆ ಲೇಬರ್‌ಗೆ 209, ಆ ಮೈತ್ರಿಕೂಟಕ್ಕೆ 23. ಅವರ ಮತ ದೇಶದ ತುಂಬ ತೆಳ್ಳಗೆ ಹರಡಿಹೋಗಿತ್ತು. 2015ರಲ್ಲಿ, ಯುರೋಪಿಯನ್ ಯೂನಿಯನ್ ಬಿಡಬೇಕು ಎನ್ನುತ್ತಿದ್ದ ಯುಕಿಪ್ ಪಕ್ಷಕ್ಕೆ 38 ಲಕ್ಷ ಮತ ಬಿತ್ತು, ಸೀಟು ಸಿಕ್ಕಿದ್ದು ಒಂದು.

ಇವೆಲ್ಲ ಬೇರೆ ಪಕ್ಷಗಳ ಕಥೆ. ಚಿಂಗ್‌ಫರ್ಡ್ ಅಂಡ್ ವುಡ್‌ಫರ್ಡ್ ಗ್ರೀನ್ ಕ್ಷೇತ್ರದ ಕಥೆ ಮಾತ್ರ ನಮ್ಮದೇ. 2024ರಲ್ಲಿ ಅಲ್ಲಿ ಲೇಬರ್ ಪಕ್ಷ ತನ್ನದೇ ಅಭ್ಯರ್ಥಿ ಫೈಜಾ ಶಾಹೀನ್ ಅವರಿಗೆ ಕೊನೇ ಗಳಿಗೆಯಲ್ಲಿ ಟಿಕೆಟ್ ತಪ್ಪಿಸಿತು. ಆ ಊರಿನಲ್ಲೇ ಬೆಳೆದ, ಅಸಮಾನತೆಯ ಬಗ್ಗೆ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞೆ ಅವರು. ಪಕ್ಷೇತರರಾಗಿ ನಿಂತರು. ಲೇಬರ್ ಬೇರೆ ಅಭ್ಯರ್ಥಿಯನ್ನು ಇಳಿಸಿತು. ಇಬ್ಬರಿಗೂ ಹನ್ನೆರಡೂವರೆ ಸಾವಿರದ ಆಸುಪಾಸಿನಲ್ಲಿ ಮತ ಬಿತ್ತು. ಇಬ್ಬರ ನಡುವಿನ ಅಂತರ ನೂರನ್ನೂ ಮುಟ್ಟಲಿಲ್ಲ. ಇಬ್ಬರದೂ ಸೇರಿದರೆ ಸುಮಾರು 25 ಸಾವಿರ. ಗೆದ್ದವರು ಕನ್ಸರ್ವೇಟಿವ್ ಪಕ್ಷದ ಇಯಾನ್ ಡಂಕನ್ ಸ್ಮಿತ್. ಅವರಿಗೆ ಬಿದ್ದದ್ದು 17 ಸಾವಿರ ಚಿಲ್ಲರೆ. ದೇಶದ ತುಂಬ ಕನ್ಸರ್ವೇಟಿವ್ ಪಕ್ಷ ನೆಲಕಚ್ಚಿದ ದಿನ ಅವರು ಉಳಿದುಕೊಂಡರು. ಬಡವರ ಸಹಾಯಧನದ ವ್ಯವಸ್ಥೆಯನ್ನು ಬಿಗಿ ಮಾಡಿದ ಮಂತ್ರಿ ಎಂದು ಹೆಸರಾದವರು ಅವರು. ಅಲ್ಲಿನ ಬಡವರೇ ಹೆಚ್ಚಾಗಿ ಆ ಇಬ್ಬರಿಗೆ ಮತ ಹಾಕಿರುತ್ತಾರೆ, ಅಲ್ವಾ? ಆ ಕ್ಷೇತ್ರದಲ್ಲಿ ತಪ್ಪು ಲೇಬರ್ ಪಕ್ಷದ್ದು ಅಂತಲೇ ನಾನು ಹೇಳುತ್ತೇನೆ. ಆದರೆ ತಪ್ಪು ಯಾರದೇ ಇರಲಿ, ನಷ್ಟ ಮಾತ್ರ ಆ ಜನರದ್ದು.

ಕಾರ್ಬಿನ್ ಅವರೇ, ಅದೇ ದಿನ ನೀವು ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಪಕ್ಷೇತರರಾಗಿ ನಿಂತು ಏಳು ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಲೇಬರ್ ಪಕ್ಷವನ್ನು ಸೋಲಿಸಿದಿರಿ. ನಮಗೆಲ್ಲ ತುಂಬ ಹೆಮ್ಮೆಯಾಯಿತು. ಆದರೆ ನೀವು 1983ರಿಂದ ಅಲ್ಲಿನ ಎಂಪಿ. ಆ ಬೀದಿಗಳಲ್ಲಿ ನಿಮ್ಮನ್ನು ಹೆಸರು ಹಿಡಿದು ಮಾತಾಡಿಸದ ಮನೆ ಕಡಿಮೆ. ಅಂಥ ಸಂಬಂಧ ಹೊಸ ಪಕ್ಷದ ಹೊಸ ಅಭ್ಯರ್ಥಿಗೆ ಒಂದು ಚುನಾವಣೆಯಲ್ಲಿ ಬರುವುದಿಲ್ಲ. ನಿಮ್ಮ ಗೆಲುವನ್ನು ನೋಡಿ ಎಲ್ಲ ಕಡೆ ನಿಂತರೆ ಎಲ್ಲ ಕಡೆ ಚಿಂಗ್‌ಫರ್ಡ್ ಆಗುತ್ತದೆ.

ಹಾಗಾದರೆ ಎರಡು ಪಕ್ಷಗಳ ನಡುವೆ ಮೂರನೆಯದು ಎಂದೂ ಬೆಳೆದೇ ಇಲ್ಲವೇ? ಬೆಳೆದಿದೆ. ನೀವಿಬ್ಬರೂ ಹಿಂದೆ ಇದ್ದ ಲೇಬರ್ ಪಕ್ಷವೇ ಹಾಗೆ ಬೆಳೆದದ್ದು. ಅದರ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಕನ್ನಡದ ಓದುಗರಿಗಾಗಿ ಹೇಳುತ್ತೇನೆ, ಏಕೆಂದರೆ ನನ್ನ ಬೇಡಿಕೆ ಅದರಿಂದಲೇ ಹುಟ್ಟಿದೆ.

1900ರ ಫೆಬ್ರವರಿಯಲ್ಲಿ ಲಂಡನ್ನಿನ ಫ್ಯಾರಿಂಗ್ಡನ್ ಬೀದಿಯ ಮೆಮೋರಿಯಲ್ ಹಾಲ್‌ನಲ್ಲಿ ಯೂನಿಯನ್‌ಗಳೂ ಸಮಾಜವಾದಿ ಸಂಘಗಳೂ ಸೇರಿ ಲೇಬರ್ ರೆಪ್ರೆಸೆಂಟೇಷನ್ ಕಮಿಟಿ ಮಾಡಿಕೊಂಡರು. ಆಗ ಲಿಬರಲ್ ಮತ್ತು ಕನ್ಸರ್ವೇಟಿವ್ ಎಂಬ ಎರಡೇ ದೊಡ್ಡ ಪಕ್ಷಗಳು. ಅದೇ ವರ್ಷದ ಚುನಾವಣೆಯಲ್ಲಿ ಕಮಿಟಿ 15 ಜನರನ್ನು ನಿಲ್ಲಿಸಿತು, ಗೆದ್ದವರು ಇಬ್ಬರು. ಅವರಲ್ಲಿ ಒಬ್ಬರು ವೇಲ್ಸ್‌ನ ಮರ್ಥರ್ ಟಿಡ್‌ಫಿಲ್‌ನಿಂದ ಗೆದ್ದ ಕೀರ್ ಹಾರ್ಡಿ, ಬಾಲ್ಯದಲ್ಲೇ ಗಣಿಗೆ ಇಳಿದು ದುಡಿದವರು. ಮರುವರ್ಷ ಟ್ಯಾಫ್ ವೇಲ್ ರೈಲ್ವೆ ಕಂಪನಿಯ ಮೊಕದ್ದಮೆಯಲ್ಲಿ, ಮುಷ್ಕರದಿಂದಾದ ನಷ್ಟಕ್ಕೆ ಯೂನಿಯನ್ನೇ ಹೊಣೆ ಎಂದು ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ರೈಲ್ವೆ ನೌಕರರ ಸಂಘ 23 ಸಾವಿರ ಪೌಂಡ್ ಪರಿಹಾರ ಕಟ್ಟಬೇಕಾಯಿತು. ಪಾರ್ಲಿಮೆಂಟಿನಲ್ಲಿ ನಮ್ಮವರು ಇಲ್ಲದಿದ್ದರೆ ಮುಷ್ಕರದ ಹಕ್ಕೂ ಉಳಿಯುವುದಿಲ್ಲ ಎಂದು ಯೂನಿಯನ್‌ಗಳಿಗೆ ಮನವರಿಕೆಯಾಯಿತು. ಅಲ್ಲಿಯವರೆಗೆ ದೂರ ನಿಂತಿದ್ದವೂ ಒಂದೊಂದಾಗಿ ಬಂದು ಸೇರಿದವು. ಸದಸ್ಯರ ಚಂದಾ ಬಂತು, ಊರೂರಲ್ಲಿ ಶಾಖೆ ಬಂತು.

ಇಷ್ಟಾದರೂ ಅವರು ಎಲ್ಲ ಕಡೆ ನಿಲ್ಲಲಿಲ್ಲ. 1903ರಲ್ಲಿ ಕಮಿಟಿಯ ಕಾರ್ಯದರ್ಶಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರು ಲಿಬರಲ್ ಪಕ್ಷದ ಹರ್ಬರ್ಟ್ ಗ್ಲಾಡ್‌ಸ್ಟನ್ ಜೊತೆ ಕೂತು ಗುಟ್ಟಾಗಿ ಒಂದು ಹೊಂದಾಣಿಕೆ ಮಾಡಿಕೊಂಡರು. ಕೆಲವು ಕ್ಷೇತ್ರಗಳಲ್ಲಿ ಒಬ್ಬರ ಎದುರು ಒಬ್ಬರು ನಿಲ್ಲುವುದಿಲ್ಲ, ಕನ್ಸರ್ವೇಟಿವ್ ವಿರೋಧಿ ಮತ ಒಡೆಯಲು ಬಿಡುವುದಿಲ್ಲ ಎಂಬ ಮಾತು. 1906ರಲ್ಲಿ 29 ಜನ ಗೆದ್ದರು. ಅವರಲ್ಲಿ ಬಹುಪಾಲು ಜನರ ಎದುರು ಲಿಬರಲ್ ಅಭ್ಯರ್ಥಿ ಇರಲೇ ಇಲ್ಲ. ಅದೇ ವರ್ಷ ಟ್ಯಾಫ್ ವೇಲ್ ತೀರ್ಪನ್ನು ಅಳಿಸುವ ಕಾನೂನು ಬಂತು. 1922ರ ಹೊತ್ತಿಗೆ ಲೇಬರ್ ಪಕ್ಷ ಲಿಬರಲ್ ಪಕ್ಷವನ್ನು ದಾಟಿತ್ತು. 1924ರ ಜನವರಿಯಲ್ಲಿ ಸರ್ಕಾರ ಮಾಡಿತು. ಎರಡು ಎಂಪಿಗಳಿಂದ ಸರ್ಕಾರದವರೆಗೆ 24 ವರ್ಷ. ತತ್ವ ಬಿಟ್ಟುಕೊಟ್ಟಿದ್ದರಿಂದ ಬೆಳೆದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು ಬಿಟ್ಟುಕೊಟ್ಟದ್ದು ಗೆಲ್ಲಲಾಗದ ಕ್ಷೇತ್ರಗಳನ್ನು, ಅಷ್ಟೇ.

ಇದೇ ಪಾಠವನ್ನು ಹೇಳುವ ಇನ್ನೊಂದು ಹೆಸರು ನಮ್ಮ ದೇಶದ್ದು. ಮುಂಬಯಿಯಲ್ಲಿ ಹುಟ್ಟಿದ ಶಾಪುರ್ಜಿ ಸಕ್ಲತ್ವಾಲಾ ಲಂಡನ್ನಿನ ಬ್ಯಾಟರ್‌ಸೀ ನಾರ್ತ್‌ನಿಂದ ಗೆದ್ದ ಕಮ್ಯುನಿಸ್ಟ್. 1922ರಲ್ಲಿ ಲೇಬರ್ ಬೆಂಬಲದಿಂದ ಗೆದ್ದರು. 1924ರಲ್ಲಿ ಸ್ಥಳೀಯ ಲೇಬರ್ ಕಾರ್ಯಕರ್ತರು ಜೊತೆಗಿದ್ದರು, ಮತ್ತೆ ಗೆದ್ದರು. 1929ರಲ್ಲಿ ಲೇಬರ್ ತನ್ನ ಅಭ್ಯರ್ಥಿಯನ್ನು ಎದುರಿಗೆ ನಿಲ್ಲಿಸಿತು, ಸೋತರು. ಪಾರ್ಲಿಮೆಂಟಿನಲ್ಲಿ ನಿಂತು ಭಾರತದ ಸ್ವಾತಂತ್ರ್ಯಕ್ಕಾಗಿ ಗುಡುಗುತ್ತಿದ್ದ ಆ ದನಿ ಮತ್ತೆ ಅಲ್ಲಿಗೆ ಬರಲಿಲ್ಲ.

ನಮ್ಮ ಮಂಡ್ಯದಲ್ಲೂ ಇದನ್ನು ಕಂಡಿದ್ದೇವೆ. ಭಾರತ ಬ್ರಿಟನ್ನಿನಿಂದ ತೆಗೆದುಕೊಂಡ ಚುನಾವಣಾ ನಿಯಮ ಇದೇ ತಾನೇ. ಮೇಲುಕೋಟೆ ಕ್ಷೇತ್ರದಲ್ಲಿ ರೈತ ಸಂಘದ ಕೆ. ಎಸ್. ಪುಟ್ಟಣ್ಣಯ್ಯ ಅವರು 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. ಹಸಿರು ಶಾಲು ಹೊದ್ದು ದಶಕಗಳ ಕಾಲ ಹಳ್ಳಿ ಹಳ್ಳಿ ಸುತ್ತಿ ಕಟ್ಟಿದ ಬಲ ಅದು. ಅವರ ನಂತರ 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ನಿಂತಾಗ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತು. ಅವರು ಗೆದ್ದರು. ರೈತ ಚಳವಳಿಗೆ ಇಡೀ ರಾಜ್ಯದಲ್ಲಿ ಹೆಸರಿತ್ತು, ಕರೆ ಕೊಟ್ಟರೆ ಲಕ್ಷಗಟ್ಟಲೆ ಜನ ಸೇರುತ್ತಿದ್ದರು. ಆದರೆ ವಿಧಾನಸಭೆಯಲ್ಲಿ ಸೀಟು ಸಿಕ್ಕಿದ್ದು ಬೆರಳೆಣಿಕೆಯಷ್ಟು. ಸಭೆಗೆ ಬರುವ ಜನವೇ ಬೇರೆ, ಒಂದು ಕ್ಷೇತ್ರದಲ್ಲಿ ಒಟ್ಟಿಗೆ ಬೀಳುವ ಮತವೇ ಬೇರೆ. ಇದನ್ನು ನಾವು ಮನೆಯಲ್ಲೇ ಕಲಿತವರು.

ಈಗ ನಿಮ್ಮ ಪಕ್ಷದ ಒಳಗಿನ ವಿಷಯ. ಹೇಳಲು ಬೇಜಾರಾಗುತ್ತದೆ, ಆದರೂ ಹೇಳಲೇಬೇಕು.

ಸೆಪ್ಟೆಂಬರ್ 18ರಂದು ಸದಸ್ಯತ್ವ ಶುರುವಾಗಿದೆ ಎಂದು ಬೆಂಬಲಿಗರಿಗೆ ಇಮೇಲ್ ಹೋಯಿತು. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ದುಡ್ಡು ಕಟ್ಟಿದರು. ಕೆಲವೇ ಗಂಟೆಗಳಲ್ಲಿ ಇನ್ನೊಂದು ಕಡೆಯಿಂದ, ಅದು ಅಧಿಕೃತ ಅಲ್ಲ, ಬ್ಯಾಂಕಿನಲ್ಲಿ ಪಾವತಿ ರದ್ದು ಮಾಡಿಸಿ ಎಂಬ ಸಂದೇಶ ಬಂತು. ಯಾರು ಸರಿ ಎಂದು ತೀರ್ಪು ಕೊಡುವ ಆಸೆ ನನಗಿಲ್ಲ. ಆದರೆ ಕಡಿಮೆ ಸಂಬಳದಲ್ಲಿ ಬದುಕುವ ಜನ ಆ ದಿನ ಯಾವ ಇಮೇಲ್ ನಂಬಬೇಕು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವಂತಾಯಿತು. ನವೆಂಬರ್‌ನಲ್ಲಿ ಅದ್ನಾನ್ ಹುಸೇನ್ ಮತ್ತು ಇಕ್ಬಾಲ್ ಮೊಹಮ್ಮದ್ ಎಂಬ ಇಬ್ಬರು ಎಂಪಿಗಳು ಪಕ್ಷ ಕಟ್ಟುವ ಕೆಲಸದಿಂದ ದೂರ ಸರಿದರು. ನವೆಂಬರ್ 29 ಮತ್ತು 30ರಂದು ಲಿವರ್‌ಪೂಲ್‌ನಲ್ಲಿ ಸ್ಥಾಪನಾ ಸಮಾವೇಶ ನಡೆಯಿತು. ಬೇರೆ ಎಡ ಸಂಘಟನೆಯವರನ್ನು ಹೊರಹಾಕಿದ್ದಕ್ಕೆ ಸುಲ್ತಾನಾ ಅವರು ಮೊದಲ ದಿನ ಸಭೆಯ ಒಳಗೆ ಬರಲಿಲ್ಲ. ಕೊನೆಗೆ ಯುವರ್ ಪಾರ್ಟಿ ಎಂಬ ಹೆಸರು ಉಳಿಯಿತು. ಒಬ್ಬ ನಾಯಕನ ಬದಲು ಸದಸ್ಯರ ಸಮಿತಿಯೇ ಪಕ್ಷ ನಡೆಸಲಿ ಎಂದು ಅಲ್ಪ ಬಹುಮತದಿಂದ ತೀರ್ಮಾನವಾಯಿತು. 8 ಲಕ್ಷ ಹೆಸರು ಬರೆಸಿದ್ದ ಕಡೆ ಆ ಹೊತ್ತಿಗೆ ಸದಸ್ಯರಾಗಿ ಉಳಿದವರು ಸುಮಾರು 50 ಸಾವಿರ. ಅದೇ ಅವಧಿಯಲ್ಲಿ ಝ್ಯಾಕ್ ಪೊಲಾನ್ಸ್ಕಿ ನಾಯಕರಾದ, ಪರಿಸರವನ್ನು ಮುಂದಿಟ್ಟ ಎಡ ಒಲವಿನ ಗ್ರೀನ್ ಪಾರ್ಟಿಯ ಸದಸ್ಯರು ಒಂದೂವರೆ ಲಕ್ಷ ದಾಟಿದರು. ನಿಮ್ಮ ಬಾಗಿಲ ಮುಂದೆ ನಿಂತಿದ್ದ ಎಷ್ಟೋ ಜನ ಆ ಕಡೆ ನಡೆದರು. ಅವರನ್ನು ದೂರಲು ನನಗೆ ಕಾರಣ ಕಾಣುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಏನಾಯಿತು ಎಂದು ನೆನಪಿಸುತ್ತೇನೆ. ಅಲ್ಲಿನ ಪಾರ್ಲಿಮೆಂಟಿಗೆ ಮತದ ಪಾಲಿಗೆ ತಕ್ಕ ಹಾಗೆ ಸೀಟು ಹಂಚುವ ಪದ್ಧತಿ ಇದೆ. ನಿಯಮ ಅನುಕೂಲವಾಗಿತ್ತು. ಸ್ಕಾಟಿಷ್ ಸೋಷಲಿಸ್ಟ್ ಪಾರ್ಟಿ 1999ರಲ್ಲಿ ಒಂದು ಸೀಟು, 2003ರಲ್ಲಿ ಆರು ಸೀಟು ಗೆದ್ದಿತು. ನಂತರ ನಾಯಕ ಟಾಮಿ ಶೆರಿಡನ್ ಅವರ ಸುತ್ತ ಜಗಳ ಹೊತ್ತಿತು. ಪಕ್ಷ ಎರಡಾಯಿತು. 2007ರಲ್ಲಿ ಎರಡು ತುಂಡಿಗೂ ಸೊನ್ನೆ. ಇಂಗ್ಲೆಂಡಿನಲ್ಲಿ 1996ರಲ್ಲಿ ಆರ್ಥರ್ ಸ್ಕಾರ್ಗಿಲ್ ಕಟ್ಟಿದ ಪಕ್ಷ, 2004ರ ರೆಸ್ಪೆಕ್ಟ್, 2013ರ ಲೆಫ್ಟ್ ಯೂನಿಟಿ, ಹೀಗೆ ಶುರುವಾಗಿ ದೊಡ್ಡದಾಗಿ ಬೆಳೆಯದ ಎಡಪಕ್ಷಗಳ ಕಥೆ ನಿಮಗೆ ಗೊತ್ತೇ ಇದೆ. ನಿಯಮ ಕೆಟ್ಟದ್ದು ನಿಜ. ಆದರೆ ಎಲ್ಲ ಸೋಲನ್ನೂ ನಿಯಮದ ತಲೆಗೆ ಕಟ್ಟಲು ಆಗುವುದಿಲ್ಲ.

ಹಾಗಿದ್ದರೆ ಸುಮ್ನೆ ಗ್ರೀನ್ ಪಾರ್ಟಿ ಸೇರಿಬಿಡಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ಅವರ ನೀತಿಗಳಲ್ಲಿ ಬಹುಪಾಲು ನನಗೂ ಒಪ್ಪಿಗೆ. ಆದರೆ ಕೇರ್ ಹೋಮ್, ಗೋದಾಮು, ಬಸ್ ಡಿಪೋ, ಕಸ ಸಾಗಿಸುವ ಲಾರಿ, ಇಂಥ ಕಡೆ ದುಡಿಯುವವರ ನಡುವೆ ನಿಂತು ಮಾತಾಡುವ ಪಕ್ಷವೂ ಒಂದು ಬೇಕು ಎಂಬುದು ನನ್ನ ನಂಬಿಕೆ. ಬರ್ಮಿಂಗ್‌ಹ್ಯಾಮಿನಲ್ಲಿ ಕಸ ಸಾಗಿಸುವ ಕಾರ್ಮಿಕರು 2025ರ ಮಾರ್ಚ್‌ನಿಂದ ಪೂರ್ಣ ಮುಷ್ಕರದಲ್ಲಿದ್ದಾರೆ. ಅವರು ಹೋರಾಡುತ್ತಿರುವುದು ಲೇಬರ್ ಆಳುವ ಕೌನ್ಸಿಲ್ ಎದುರು. ಅದೇ ಸಿಟ್ಟಿನಲ್ಲಿ ಯುನೈಟ್ ಯೂನಿಯನ್ ಲೇಬರ್ ಜೊತೆಗಿನ ತನ್ನ ಸಂಬಂಧವನ್ನು ಮರುಪರಿಶೀಲಿಸುವುದಾಗಿ ಜುಲೈನಲ್ಲಿ ನಿರ್ಣಯ ಮಾಡಿತು. ಟ್ಯಾಫ್ ವೇಲ್ ತೀರ್ಪಿನ ನಂತರ ಯೂನಿಯನ್‌ಗಳು ಹೊಸ ಮನೆ ಹುಡುಕಿದವಲ್ಲ, ಈಗಿನದೂ ಅಂಥದೇ ಗಳಿಗೆ. ಆಗ ಅವುಗಳಿಗೆ ಹೋಗಲು ಒಂದು ಜಾಗ ಸಿದ್ಧವಾಗಿತ್ತು. ಈಗ ನಿಮ್ಮ ಕಡೆ ನೋಡಿದರೆ ಕಾಣುವುದು ಯಾರು ಯಾರನ್ನು ಹೊರಹಾಕಿದರು ಎಂಬ ಸುದ್ದಿ.

ಎಡಕ್ಕೆ ಮತ ಹಾಕಿದರೆ ಫರಾಜ್ ಬರುತ್ತಾರೆ ಎಂದು ಲೇಬರ್‌ನವರು ಹೆದರಿಸುತ್ತಾರೆ. ಅವರಿಗೂ ಒಂದು ಉತ್ತರ ಇದೆ. ವೇಲ್ಸ್‌ನ ಕೇರ್ಫಿಲಿಯಲ್ಲಿ ಅಕ್ಟೋಬರ್ 23ರಂದು ಉಪಚುನಾವಣೆ ಆಯಿತು. ನೂರು ವರ್ಷದಿಂದ ಲೇಬರ್ ಹಿಡಿತದಲ್ಲಿದ್ದ ನೆಲ ಅದು. ರಿಫಾರ್ಮ್ ಗೆದ್ದೇ ಬಿಡುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿದ್ದರು. ಅದನ್ನು ತಡೆಯಬಲ್ಲ ಪಕ್ಷ ಯಾವುದು ಎಂದು ಜನರಿಗೆ ಸ್ಪಷ್ಟವಾಗಿ ಕಾಣಿಸಿತು. ವೇಲ್ಸ್‌ನ ಸ್ವಾತಂತ್ರ್ಯ ಬಯಸುವ, ಎಡ ಒಲವಿನ ಪ್ಲೈಡ್ ಕಮ್ರಿ ಪಕ್ಷಕ್ಕೆ ನೂರಕ್ಕೆ 47 ಮತ ಬಂತು, ರಿಫಾರ್ಮ್‌ಗೆ 36. ಲೇಬರ್‌ಗೆ 11. ಮತದಾರರಿಗೆ ಲೆಕ್ಕ ಬರುತ್ತದೆ. ಅವರ ಮುಂದೆ ಎಡದಿಂದ ಮೂರು ಹೆಸರು ಇಟ್ಟು ಗೊಂದಲ ಮಾಡಬಾರದು, ಅಷ್ಟೇ.

ಆದ್ದರಿಂದ ನಿಮ್ಮಿಬ್ಬರಲ್ಲೂ ನಿಮ್ಮ ಹೊಸ ಸಮಿತಿಯಲ್ಲೂ ನನ್ನ ಮೊದಲ ಬೇಡಿಕೆ ಇದು. ಗ್ರೀನ್ ಪಾರ್ಟಿಯ ಜೊತೆ ಕೂತು, ಯಾವ ಕ್ಷೇತ್ರದಲ್ಲಿ ಯಾರು ನಿಲ್ಲುತ್ತೀರಿ ಎಂದು ತೀರ್ಮಾನಿಸಿ. ಒಂದು ಕ್ಷೇತ್ರಕ್ಕೆ ಒಬ್ಬರೇ ಎಡ ಅಭ್ಯರ್ಥಿ ಇರಲಿ. ಲೇಬರ್‌ನೊಳಗೇ ಉಳಿದು ನಿಮ್ಮ ಮಾತನ್ನೇ ಆಡುವ ಎಂಪಿಗಳ ಕ್ಷೇತ್ರಗಳನ್ನೂ ಈ ಲೆಕ್ಕಕ್ಕೆ ಸೇರಿಸಿ. 1903ರದ್ದು ಗುಟ್ಟಿನ ಒಪ್ಪಂದವಾಗಿತ್ತು, ನಿಮ್ಮದು ಹಾಗಾಗಬಾರದು. ಬರೆದು, ಸಹಿ ಹಾಕಿ, ಎರಡೂ ಪಕ್ಷದ ಸದಸ್ಯರಿಂದ ಮತ ಪಡೆದು ಪ್ರಕಟಿಸಿ. ಬೇರೆ ಪಕ್ಷದವರೂ ನಿಮ್ಮಲ್ಲಿ ಸದಸ್ಯರಾಗಿರಬಹುದು ಎಂದು ಲಿವರ್‌ಪೂಲ್‌ನಲ್ಲಿ ಸದಸ್ಯರು ದೊಡ್ಡ ಬಹುಮತದಿಂದ ಒಪ್ಪಿದ್ದಾರೆ. ಸದಸ್ಯರಿಗೆ ಇರುವ ಮನಸ್ಸು ನಾಯಕರಿಗೂ ಬರಲಿ.

2026ರ ಮೇ 7ರಂದು ಲಂಡನ್ನಿನ ಬರೋಗಳ (ಸ್ಥಳೀಯ ಆಡಳಿತ ವಿಭಾಗಗಳ) ಕೌನ್ಸಿಲ್‌ಗಳಿಗೂ ಬರ್ಮಿಂಗ್‌ಹ್ಯಾಮ್ ಕೌನ್ಸಿಲ್‌ಗೂ ಚುನಾವಣೆ ಇದೆ. ಎಲ್ಲ ವಾರ್ಡಿನಲ್ಲೂ ನಿಲ್ಲುವ ಆಸೆ ಬಿಡಿ. ಕೆಲಸ ಮಾಡುವ ಜನ ಇರುವ ವಾರ್ಡುಗಳನ್ನು ಆರಿಸಿಕೊಳ್ಳಿ. ಅದೇ ದಿನ ಸ್ಕಾಟ್ಲೆಂಡ್ ಮತ್ತು ವೇಲ್ಸ್ ಪಾರ್ಲಿಮೆಂಟ್‌ಗಳಿಗೂ ಮತದಾನ. ವೇಲ್ಸ್‌ನಲ್ಲಿ ಈ ಸಲ ಹೊಸ ಪದ್ಧತಿ, 16 ಕ್ಷೇತ್ರ, ತಲಾ ಆರು ಸೀಟು, ಮತದ ಪಾಲಿಗೆ ತಕ್ಕ ಹಂಚಿಕೆ. ಅಲ್ಲಿ ಕೂಡ ಸಣ್ಣ ಎಡಪಟ್ಟಿಗಳು ಎರಡಾದರೆ ಎರಡೂ ಹೊರಗೆ ಉಳಿಯುತ್ತವೆ.

ಎರಡನೆಯ ಬೇಡಿಕೆ ಆ ನಿಯಮವನ್ನೇ ಬದಲಿಸುವುದು. ಹೊಂದಾಣಿಕೆ ಶಾಶ್ವತ ಪರಿಹಾರ ಆಗುವುದಿಲ್ಲ. ನಮ್ಮ ಇಷ್ಟದ ಪಕ್ಷಕ್ಕೆ ಮತ ಹಾಕುವ ಅವಕಾಶವನ್ನು ಅದು ಎಷ್ಟೋ ಜನರಿಂದ ಕಿತ್ತುಕೊಳ್ಳುತ್ತದೆ. ಹಾಗಾಗಿ ಒಪ್ಪಂದದ ಮೊದಲ ಸಾಲಿನಲ್ಲೇ ಬರೆಯಿರಿ: ನಮ್ಮ ಬೆಂಬಲ ಬೇಕಾದ ಯಾವ ಸರ್ಕಾರವೂ ಮೊದಲ ವರ್ಷದಲ್ಲೇ ಮತದ ಪಾಲಿಗೆ ತಕ್ಕ ಸೀಟು ಕೊಡುವ ಕಾನೂನು ತರಬೇಕು. ಲೇಬರ್ ಸಮಾವೇಶವೇ 2022ರಲ್ಲಿ ಇದಕ್ಕೆ ಒಪ್ಪಿತ್ತು. ಪ್ರಣಾಳಿಕೆಯಲ್ಲಿ ಅದು ಕಾಣಲಿಲ್ಲ. 2024ರ ಡಿಸೆಂಬರ್ 3ರಂದು ಹೌಸ್ ಆಫ್ ಕಾಮನ್ಸ್‌ನಲ್ಲಿ ಇಂಥದೇ ಮಸೂದೆ ಮಂಡನೆಗೆ 138 ಮತ ಪರವಾಗಿ, 136 ವಿರುದ್ಧವಾಗಿ ಬಿತ್ತು. ಅದು ಮುಂದೆ ಹೋಗಲಿಲ್ಲ, ನಿಜ. ಆದರೆ ಒಪ್ಪುವವರು ಹಲವು ಪಕ್ಷಗಳಲ್ಲಿ ಇದ್ದಾರೆ ಎಂದು ತೋರಿಸಿತು.

ಇನ್ನು ನಮ್ಮಂಥವರ ಪರವಾಗಿ ಒಂದು ಮಾತು. ವೀಸಾ ಮೇಲೆ ದುಡಿಯುವವರು ನಿಮ್ಮ ಭಾಷಣಗಳಲ್ಲಿ ಅನುಕಂಪಕ್ಕಾಗಿ ಮಾತ್ರ ಬರುತ್ತೇವೆ. ನಮ್ಮಲ್ಲಿ ಕಾಮನ್‌ವೆಲ್ತ್ ದೇಶಗಳಿಂದ ಬಂದವರೆಲ್ಲ ಮತದಾರರು. ಭಾರತ, ನೈಜೀರಿಯಾ, ಘಾನಾ, ಜಿಂಬಾಬ್ವೆ, ಇಷ್ಟು ದೇಶದವರನ್ನು ಒಂದೇ ಪಾಳಿಯಲ್ಲಿ ನಾನು ನೋಡುತ್ತೇನೆ. ಜಿಂಬಾಬ್ವೆ ಕಾಮನ್‌ವೆಲ್ತ್ ಬಿಟ್ಟಿದ್ದರೂ ಅಲ್ಲಿಯವರಿಗೆ ಇಲ್ಲಿ ವೋಟಿದೆ. ನಮ್ಮ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸ ಪಕ್ಷದ ಶಾಖೆಗಳಿಂದ ಶುರುವಾಗಲಿ. 15 ವರ್ಷದ ಪ್ರಸ್ತಾಪದ ಬಗ್ಗೆ ಸರ್ಕಾರ ಈಗ ಸಾರ್ವಜನಿಕ ಅಭಿಪ್ರಾಯ ಕೇಳುತ್ತಿದೆ. ಅದಕ್ಕೆ ಉತ್ತರ ಬರೆಯಲು ನಮ್ಮವರಿಗೆ ನೆರವಾಗಿ. ಯೂನಿಯನ್ ಫಾರಂ ಹಿಡಿದು ನಾನೊಬ್ಬನೇ ಹೋದರೆ ಹೆದರುವ ಜನ, ಎಂಪಿಯೊಬ್ಬರು ಜೊತೆಗೆ ಬಂದರೆ ಅಷ್ಟು ಹೆದರುವುದಿಲ್ಲ. ಸುಲ್ತಾನಾ ಅವರೇ, ನಿಮ್ಮ ಕ್ಷೇತ್ರದಲ್ಲೇ ಇದನ್ನು ಶುರು ಮಾಡಬಹುದು. 2019ರಲ್ಲಿ ನೀವು ಇಲ್ಲಿ ಗೆದ್ದದ್ದು 401 ಮತಗಳಿಂದ. ಇಲ್ಲಿ ಒಂದೊಂದು ಮತದ ಬೆಲೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊನೆಯದಾಗಿ, ಈ ಪತ್ರಕ್ಕೆ ಉತ್ತರ ಕೊಡುವುದಾದರೆ ಮೇ ತಿಂಗಳ ಅಭ್ಯರ್ಥಿಗಳ ಪಟ್ಟಿ ಅಂತಿಮವಾಗುವ ಮೊದಲೇ ಕೊಡಿ. ಕಾರ್ಬಿನ್ ಅವರಿಂದ ಒಂದು, ಸುಲ್ತಾನಾ ಅವರಿಂದ ಇನ್ನೊಂದು ಎಂದು ಎರಡು ಉತ್ತರ ಬೇಡ. ಒಂದೇ ಉತ್ತರ ಬರೆದು ಇಬ್ಬರೂ ಸಹಿ ಹಾಕಿ.

ಗೌರವಪೂರ್ವಕವಾಗಿ,

ಪಾಂಡವಪುರ ಕಡೆಯ ಒಬ್ಬ ಕೇರ್ ವರ್ಕರ್,
ಕೊವೆಂಟ್ರಿ ಸೌತ್ ಕ್ಷೇತ್ರದ ಮತದಾರ